ಪೆಟ್ಟಿಗೆಯೊಳಗಿನ ಮೊದಲ ನಾಗರಿಕತೆಗಳು: ಒಂದು ಪ್ರತಿಕೃತಿ ಸಂಗ್ರಹದ ವಿಮರ್ಶೆ

ಆದಿಮಾನವರ ಬದುಕು, ಮೊದಲ ಹಳ್ಳಿಗಳು ಮತ್ತು ಮೊದಲ ನಗರಗಳ ಕುರಿತು ಪಾಠ ಮಾಡುವವರಿಗಾಗಿ ತಯಾರಾದ ಪ್ರತಿಕೃತಿಗಳ ಪೆಟ್ಟಿಗೆಯೊಂದನ್ನು ಇಲ್ಲಿ ಪರಿಶೀಲಿಸಿದ್ದೇನೆ. ಅದರಲ್ಲಿ ಒಂದು ಕೈಗೊಡಲಿ, ಮೂಳೆಯ ಹಿಡಿಯ ಕುಡುಗೋಲು, ಎಣಿಕೆಗೆ ಬಳಸುತ್ತಿದ್ದ ಜೇಡಿಮಣ್ಣಿನ ಬಿಲ್ಲೆಗಳು, ಬಿಲ್ಲೆಗಳನ್ನು ತುಂಬಿಡುವ ಮಣ್ಣಿನ ಟೊಳ್ಳು ಉಂಡೆ, ಮೆಸೊಪೊಟೇಮಿಯಾದ (ಇಂದಿನ ಇರಾಕಿನ) ಉರುಕ್ ನಗರದ ಒಂದು ಬಟ್ಟಲು, ಒಂದು ಲೆಕ್ಕದ ಫಲಕ, ಉರುಳಿಸಿ ಒತ್ತುವ ಸಿಲಿಂಡರ್ ಮುದ್ರೆ, ಈಜಿಪ್ಟಿನ ಆದಿ ಅರಸ ನಾರ್ಮರ್‌ನನ್ನು ಕೆತ್ತಿದ ಕಲ್ಲಿನ ಫಲಕದ ಕಿರುಪ್ರತಿ, ಸಿಂಧೂ ಕಣಿವೆಯ ತೂಕದ ಕಲ್ಲುಗಳು ಮತ್ತು ಮುದ್ರೆ, ಚೀನಾದ ಶಕುನದ ಮೂಳೆ ಇವೆ. ಜೊತೆಗೆ ಒಂದು ಕೈಪಿಡಿ ಮತ್ತು ಗೋಡೆಗೆ ತೂಗುಹಾಕುವ ಕಾಲರೇಖೆಯ ಪಟ ಬರುತ್ತವೆ. ತಯಾರಕರ ಹೆಸರನ್ನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ, ಏಕೆಂದರೆ ಇಂಥ ಯಾವುದೇ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ ಏನನ್ನು ನೋಡಬೇಕು ಎಂಬುದು ಹೆಸರಿಗಿಂತ ಮುಖ್ಯವಾದ ಸಂಗತಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಸ್ತುಗಳು ಬಹುಮಟ್ಟಿಗೆ ಒಳ್ಳೆಯವು, ಕೈಪಿಡಿ ಮಾತ್ರ ಅವುಗಳಿಗೆ ತಕ್ಕದ್ದಲ್ಲ. ಕಲ್ಲಿನಿಂದ ಕೃಷಿಗೆ, ಕೃಷಿಯಿಂದ ಹಳ್ಳಿಗೆ, ಹಳ್ಳಿಯಿಂದ ನಗರಕ್ಕೆ, ನಗರದಿಂದ ರಾಜನಿಗೆ ಮತ್ತು ಬರವಣಿಗೆಗೆ ಎಂದು ಮನುಷ್ಯಕುಲ ಮೆಟ್ಟಿಲು ಹತ್ತಿದಂತೆ ಕೈಪಿಡಿ ಕಥೆ ಹೇಳುತ್ತದೆ. ಅದೇ ಪೆಟ್ಟಿಗೆಯಲ್ಲಿರುವ ವಸ್ತುಗಳು ಆ ಕಥೆಗೆ ಹೆಜ್ಜೆ ಹೆಜ್ಜೆಗೂ ಎದುರು ಸಾಕ್ಷಿ ನುಡಿಯುತ್ತವೆ.

ಕೈಗೊಡಲಿಯಿಂದ ಆರಂಭಿಸೋಣ, ಏಕೆಂದರೆ ಇಡೀ ಸಂಗ್ರಹದಲ್ಲಿ ಅತ್ಯುತ್ತಮವಾದುದು ಅದೇ. ಇದನ್ನು ಅಚ್ಚಿನಲ್ಲಿ ಎರಕ ಹೊಯ್ದಿಲ್ಲ. ನಿಜವಾದ ಚಕಮಕಿ ಕಲ್ಲನ್ನು ಕೈಯಿಂದಲೇ ಚಕ್ಕೆ ಎಬ್ಬಿಸಿ ರೂಪಿಸಿದ್ದಾರೆ. ಅಂಗೈಯಲ್ಲಿ ಹಿಡಿದರೆ ಅದರ ಭಾರ ತಾನಾಗಿಯೇ ಬುಡದ ಕಡೆಗೆ ವಾಲುತ್ತದೆ, ಎರಡೂ ಬದಿಯಿಂದ ತೆಳುವಾದ ಅಂಚು ಹೊರಮುಖವಾಗಿ ನಿಲ್ಲುತ್ತದೆ, ಮತ್ತು ಚಕ್ಕೆ ಎದ್ದ ಪ್ರತಿಯೊಂದು ಗುರುತೂ ಹಿಂದಿನ ಪೆಟ್ಟು ಯಾವ ದಿಕ್ಕಿನಿಂದ ಬಿದ್ದಿತೆಂಬುದನ್ನು ತೋರಿಸುತ್ತದೆ. ಕೀನ್ಯಾದ ಲೊಮೆಕ್ವಿಯಲ್ಲಿ ದೊರೆತ ಒರಟು ಕಲ್ಲಿನ ಉಪಕರಣಗಳು ಸುಮಾರು 33 ಲಕ್ಷ ವರ್ಷ ಹಳೆಯವು. ಈ ಬಗೆಯ ಸಮಪಾರ್ಶ್ವದ ಕೈಗೊಡಲಿಗಳು ಸುಮಾರು 17 ಲಕ್ಷ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಕಾಣಿಸಿಕೊಂಡು, ಅನಂತರ ಹತ್ತು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಹೆಚ್ಚೇನೂ ಬದಲಾಗದೆ ಉಳಿದವು. ನಮ್ಮ ಜಾತಿಯಾದ ಹೋಮೋ ಸೇಪಿಯನ್ಸ್ ಹುಟ್ಟುವುದಕ್ಕೆ ಬಹಳ ಮೊದಲೇ ಒಂದು ಕೈಕಸುಬು ತಲೆಯಿಂದ ತಲೆಗೆ ದಾಟಿಬಂದಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ. ಕಲಿಸುವವರೂ ಕಲಿಯುವವರೂ ಇಲ್ಲದೆ ಇಂಥ ವಸ್ತು ಉಳಿದುಬರುವುದಿಲ್ಲ, ಆದ್ದರಿಂದ ಸಮಾಜ ಎಂಬುದರ ಚರ್ಚೆಯನ್ನು ಇಲ್ಲಿಂದಲೇ ತೊಡಗಬಹುದಿತ್ತು. ಕೈಪಿಡಿ ಮಾತ್ರ ಇದನ್ನು ಬೇಟೆಯ ಆಯುಧವೆಂಬ ಒಂದು ಸಾಲಿನಲ್ಲಿ ಮುಗಿಸುತ್ತದೆ. ಅಂಚು ನಿಜಕ್ಕೂ ಹರಿತವಾಗಿದೆ. ಮಕ್ಕಳ ಕೈಗೆ ಕೊಡುವ ಮುನ್ನ ಎಚ್ಚರಿಕೆ ಅಗತ್ಯ, ಮತ್ತು ಆ ಎಚ್ಚರಿಕೆಯನ್ನು ಪೆಟ್ಟಿಗೆಯ ಮೇಲೆ ಎಲ್ಲಿಯೂ ಮುದ್ರಿಸಿಲ್ಲ.

ಎರಡನೆಯದು ಕುಡುಗೋಲು. ಮೂಳೆಯ ಹಿಡಿಯಲ್ಲಿ ತೋಡಿದ ಸೀಳಿನೊಳಗೆ ಪುಟ್ಟ ಪುಟ್ಟ ಚಕಮಕಿ ಅಲಗುಗಳನ್ನು ಸಾಲಾಗಿ ಅಂಟಿಸಿದ್ದಾರೆ. ಹುಲ್ಲಿನ ಕಾಂಡಗಳಲ್ಲಿರುವ ಸಿಲಿಕಾದಿಂದಾಗಿ ಹಳೆಯ ಅಲಗುಗಳ ಮೇಲೆ ಬರುವ ಮಿರುಗನ್ನು ಇಲ್ಲಿಯೂ ತೋರಿಸಿರುವುದು ಮೆಚ್ಚತಕ್ಕ ಸೂಕ್ಷ್ಮತೆ. ಆದರೆ ಈ ವಸ್ತುವನ್ನು ಕೈಪಿಡಿಯಲ್ಲಿ ಕೃಷಿಯ ಅಧ್ಯಾಯಕ್ಕೆ ಸೇರಿಸಿದ್ದಾರೆ, ಮತ್ತು ಮೆಟ್ಟಿಲುಗಳ ಕಥೆ ಮೊದಲು ಬಿರುಕು ಬಿಡುವುದು ಇಲ್ಲಿಯೇ. ಇಂಥ ಕುಡುಗೋಲುಗಳು ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿದ್ದ ನತೂಫಿಯನ್ ಜನರವು. ಅವರ ಕಾಲ ಇಂದಿಗೆ ಸುಮಾರು 15,000ದಿಂದ 11,500 ವರ್ಷಗಳ ಹಿಂದೆ. ಅವರು ಕಲ್ಲಿನ ತಳಪಾಯದ ಮನೆಗಳಲ್ಲಿ ವರ್ಷದ ಬಹುಭಾಗ ನೆಲೆನಿಂತಿದ್ದರು, ಒರಳುಗಳಲ್ಲಿ ಧಾನ್ಯ ಕುಟ್ಟುತ್ತಿದ್ದರು, ಸತ್ತವರನ್ನು ಮನೆಗಳ ಸನಿಹದಲ್ಲಿಯೇ ಹೂಳುತ್ತಿದ್ದರು. ಐನ್ ಮಲ್ಲಾಹಾದಲ್ಲಿ ಒಂದು ನಾಯಿಮರಿಯ ಮೇಲೆ ಕೈಯಿಟ್ಟು ಮಲಗಿಸಿದ ಸಮಾಧಿಯೂ ದೊರೆತಿದೆ. ಆದರೆ ಅವರು ಕೊಯ್ದದ್ದು ತಾನಾಗಿ ಬೆಳೆದ ಕಾಡುಧಾನ್ಯವನ್ನು, ಅಂದರೆ ಕೊಯ್ಲು ಬಿತ್ತನೆಗಿಂತ ಹಳೆಯದು, ಮನೆ ಹೊಲಕ್ಕಿಂತ ಹಳೆಯದು. ಗೆಲಿಲೀ ಸರೋವರದ ದಡದ ಒಹಾಲೊದಲ್ಲಿ ಕಾಡುಧಾನ್ಯ ಕೂಡಿಹಾಕಿದ್ದ ಬಿಡಾರಗಳು ಇನ್ನೂ ಹಿಂದಿನವು, ಸುಮಾರು 23,000 ವರ್ಷಗಳಷ್ಟು. ಕಾಡುಧಾನ್ಯದ ತೆನೆ ಬಲಿತಾಗ ತಾನಾಗಿ ಉದುರಿಹೋಗುತ್ತದೆ. ಉದುರದೆ ಉಳಿಯುವ ತೆನೆಯುಳ್ಳ ಗಿಡಗಳ ಬೀಜವನ್ನು ಮತ್ತೆ ಮತ್ತೆ ಕೊಯ್ದು ಬಿತ್ತಿದಾಗ, ತನ್ನಷ್ಟಕ್ಕೆ ಬೀಜ ಚೆಲ್ಲಲಾರದ, ಮನುಷ್ಯನ ಕೈಯನ್ನೇ ನೆಚ್ಚಿದ ಬೆಳೆ ಉಂಟಾಗುತ್ತದೆ. ಈ ಬದಲಾವಣೆ ಒಬ್ಬನ ಆಯುಷ್ಯದಲ್ಲಿ ಆದದ್ದಲ್ಲ, ಸಾವಿರಾರು ವರ್ಷ ಎಳೆದುಕೊಂಡು ಹೋದದ್ದು. ಕೈಪಿಡಿಯ ಪ್ರಕಾರವಾದರೆ ಯಾರೋ ಒಂದು ದಿನ ಕೃಷಿಯನ್ನು ಕಂಡುಹಿಡಿದರು.

ಪಟದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. ಕೃಷಿಯ ಶೀರ್ಷಿಕೆಯ ಅಡಿಯಲ್ಲಿ ಮಡಕೆ, ದೇವಾಲಯ, ಹಳ್ಳಿ ಎಂಬ ಮೂರು ಚಿತ್ರಗಳನ್ನು ಬಾಣದ ಗುರುತಿನಿಂದ ಜೋಡಿಸಿದ್ದಾರೆ. ಚೀನಾದ ಷಿಯಾನ್‌ರೆನ್‌ಡಾಂಗ್ ಗುಹೆಯ ಮಡಕೆ ಚೂರುಗಳು ಸುಮಾರು 20,000 ವರ್ಷ ಹಳೆಯವು, ಜಪಾನಿನ ಜೋಮೋನ್ ಮಡಕೆಗಳು 16,000 ವರ್ಷಗಳಷ್ಟು ಹಿಂದಿನವು. ಎರಡೂ ಬೇಟೆಗಾರರ, ಮೀನುಗಾರರ, ಗೆಡ್ಡೆ ಕಾಯಿ ಆಯ್ದು ತಿನ್ನುವವರ ಮಡಕೆಗಳು. ಟರ್ಕಿಯ ಗೊಬೆಕ್ಲಿ ಟೆಪೆಯಲ್ಲಿ ಕ್ರಿ.ಪೂ. 9500ರ ಸುಮಾರಿಗೆ ಎದ್ದ, ನರಿ, ಹಾವು, ಚೇಳು, ರಣಹದ್ದುಗಳನ್ನು ಕೆತ್ತಿದ, ಐದೂವರೆ ಮೀಟರಿನವರೆಗೆ ಎತ್ತರವಿರುವ ಟಿ ಆಕಾರದ ಕಲ್ಲುಕಂಬಗಳನ್ನು ನಿಲ್ಲಿಸಿದವರು ತಿಂದದ್ದು ಬೇಟೆಯ ಮಾಂಸ ಮತ್ತು ಕಾಡುಧಾನ್ಯ. ಸಾಕಿದ ಪ್ರಾಣಿಯ ಮೂಳೆಯಾಗಲಿ ಪಳಗಿದ ಬೆಳೆಯ ಕಾಳಾಗಲಿ ಅಲ್ಲಿ ಸಿಕ್ಕಿಲ್ಲ. ಅದು ಬರಿಯ ದೇವಾಲಯವೇ, ಜನ ಅಲ್ಲಿ ವಾಸವೂ ಇದ್ದರೇ ಎಂಬ ಚರ್ಚೆ ಇನ್ನೂ ನಡೆದಿದೆ, ಆದರೆ ಹೊಟ್ಟೆ ತುಂಬಿ ಮಿಕ್ಕ ಧಾನ್ಯವಿದ್ದಾಗ ಮಾತ್ರ ಜನ ನೂರಾರು ಸಂಖ್ಯೆಯಲ್ಲಿ ಸೇರಿ ದೊಡ್ಡದನ್ನು ಕಟ್ಟಬಲ್ಲರು ಎಂಬ ನಂಬಿಕೆಗೆ ಅದು ಕೊಟ್ಟ ಪೆಟ್ಟು ಚರ್ಚೆಗೆ ಮೀರಿದ್ದು. ಪಟದಲ್ಲಿ ಗೊಬೆಕ್ಲಿ ಟೆಪೆ ಇದೆ, ಆದರೆ ಬಾಣ ಅದರ ಕಡೆಗೆ ಗೋದಿಯ ತೆನೆಯಿಂದ ಹೊರಟಿದೆ. ಅಳತೆಯ ತೊಂದರೆ ಬೇರೆ: ಪಟದ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಕೊನೆಯ ಐದು ಸಾವಿರ ವರ್ಷಗಳೇ ತಿಂದಿವೆ, ಮತ್ತು ಅಳತೆ ಬದಲಾಗುವ ಜಾಗದಲ್ಲಿ ಯಾವ ಸೂಚನೆಯೂ ಇಲ್ಲ. 33 ಲಕ್ಷ ವರ್ಷಗಳಿಗೆ 3.3 ಮೀಟರ್ ಉದ್ದದ ಪಟ್ಟಿ ಬಳಸಿದ್ದರೆ ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್ ಆಗುತ್ತಿತ್ತು. ಕೃಷಿಗೆ ಸುಮಾರು ಹನ್ನೊಂದು ಮಿಲಿಮೀಟರ್, ಬರವಣಿಗೆಗೆ ಐದು. ಅಂಥ ಪಟ ನೋಡಲು ಸೊಗಸಾಗಿರಲಾರದು, ಆದರೆ ಪಾಠಕ್ಕೆ ಅದಕ್ಕಿಂತ ಉಪಯುಕ್ತವಾದುದು ಇರಲಾರದು.

ಪೆಟ್ಟಿಗೆಯ ತಿರುಳಿರುವುದು ಮೆಸೊಪೊಟೇಮಿಯಾದ ವಸ್ತುಗಳಲ್ಲಿ, ಮತ್ತು ಅವುಗಳಿಗೆ ಹೆಚ್ಚು ಸಮಯ ಕೊಡಬೇಕು. ಮಣ್ಣಿನ ಬಿಲ್ಲೆಗಳಲ್ಲಿ ಶಂಕು, ಗೋಳ, ಚಕ್ರ, ಸಿಲಿಂಡರ್ ಎಂಬ ಆಕಾರಗಳಿವೆ. ಇಂಥವು ಕ್ರಿ.ಪೂ. 8000ದ ಹೊತ್ತಿಗಾಗಲೇ ಪಶ್ಚಿಮ ಏಷ್ಯಾದ ಹಳ್ಳಿಗಳಲ್ಲಿ ಬಳಕೆಯಲ್ಲಿದ್ದವು. ಪುರಾತತ್ತ್ವಜ್ಞೆ ಡೆನಿಸ್ ಶ್ಮಾಂಟ್-ಬೆಸೆರಾ ಇವನ್ನು ಸಂಗ್ರಹಿಸಿ ಹೋಲಿಸಿ, ಬರವಣಿಗೆ ಹುಟ್ಟಿದ್ದು ಈ ಲೆಕ್ಕದ ಬಿಲ್ಲೆಗಳಿಂದ ಎಂದು ವಾದಿಸಿದರು: ಬಿಲ್ಲೆಗಳನ್ನು ಟೊಳ್ಳು ಉಂಡೆಯಲ್ಲಿ ಹಾಕಿ ಮುಚ್ಚುವುದು, ಒಳಗೇನಿದೆ ಎಂದು ತಿಳಿಯಲು ಹೊರಮೈ ಮೇಲೆ ಅವುಗಳ ಗುರುತನ್ನು ಒತ್ತುವುದು, ಗುರುತೇ ಸಾಕೆಂದಾದ ಮೇಲೆ ಉಂಡೆಯನ್ನು ಬಿಟ್ಟು ಚಪ್ಪಟೆ ಫಲಕಕ್ಕೆ ಬರುವುದು. ಪ್ರತಿ ಆಕಾರಕ್ಕೂ ಒಂದೊಂದು ಸರಕು ಎಂಬಷ್ಟು ನೇರವಾಗಿ ಎಲ್ಲವೂ ನಡೆಯಿತೆಂದು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಆದರೆ ಉಂಡೆಯ ಹೊರಗಿನ ಒತ್ತುಗಳಿಗೂ ಆರಂಭದ ಫಲಕಗಳ ಅಂಕಿಗಳಿಗೂ ಇರುವ ಹೋಲಿಕೆ ಕಣ್ಣಿಗೆ ಕಾಣುವಂಥದು, ಮತ್ತು ಈ ಪೆಟ್ಟಿಗೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು. ದುರದೃಷ್ಟವೆಂದರೆ ಉಂಡೆಯನ್ನು ಎರಡು ಹೋಳುಗಳಾಗಿ ಮಾಡಿ ಅಯಸ್ಕಾಂತದಿಂದ ಕೂಡಿಸಿದ್ದಾರೆ. ಬೇಕೆಂದಾಗ ತೆರೆದು ಮುಚ್ಚುವ ಉಂಡೆಗೆ ಅರ್ಥವೇ ಇಲ್ಲ. ಒಡೆಯದೆ ತೆರೆಯಲಾಗದು, ಒಡೆದರೆ ಎಲ್ಲರಿಗೂ ತಿಳಿಯುತ್ತದೆ ಎಂಬುದರ ಮೇಲೆಯೇ ಆ ವ್ಯವಸ್ಥೆ ನಿಂತಿತ್ತು. ಕುರಿಗಳನ್ನು ಕಳುಹಿಸಿದವನಿಗೂ ಪಡೆದವನಿಗೂ ನಡುವೆ ಹೊಡೆದುಕೊಂಡು ಹೋಗುವವನ ಮೇಲೆ ಸಂದೇಹವಿದ್ದುದರಿಂದಲೇ ಮಣ್ಣಿನ ಉಂಡೆ ಬೇಕಾಯಿತು. ಒಬ್ಬರನ್ನೊಬ್ಬರು ಮುಖತಃ ಬಲ್ಲ ಹಳ್ಳಿಯಲ್ಲಿ ಅದರ ಅಗತ್ಯ ಬೀಳುತ್ತಿರಲಿಲ್ಲ. ತಯಾರಕರು ಅಯಸ್ಕಾಂತದ ಬದಲು ಒಂದು ಮುದ್ದೆ ಜೇಡಿಮಣ್ಣನ್ನು ಕೊಟ್ಟಿದ್ದರೆ ಮಕ್ಕಳೇ ಉಂಡೆ ಮಾಡಿ, ಒಣಗಿಸಿ, ಒಡೆದು ನೋಡುತ್ತಿದ್ದರು.

ಬಟ್ಟಲಿನ ವಿಷಯದಲ್ಲಿ ತಯಾರಕರ ಸೌಂದರ್ಯಪ್ರಜ್ಞೆಯೇ ಅಡ್ಡಿಯಾಗಿದೆ. ಉರುಕ್ ಕಾಲದ, ಅಂದರೆ ಕ್ರಿ.ಪೂ. 4ನೇ ಸಹಸ್ರಮಾನದ, ಓರೆ ಅಂಚಿನ ಬಟ್ಟಲುಗಳು ಪುರಾತತ್ತ್ವದ ಅತಿ ಕುರೂಪ ವಸ್ತುಗಳ ಸಾಲಿಗೆ ಸೇರುತ್ತವೆ: ಒರಟು ಮಣ್ಣನ್ನು ಅಚ್ಚಿಗೆ ಒತ್ತಿ, ಅಂಚನ್ನು ಓರೆಯಾಗಿ ಸವರಿ, ಅರೆಬರೆ ಸುಟ್ಟು, ಬಳಸಿ ಬಿಸಾಡಿದವು. ಇರಾನಿನಿಂದ ಸಿರಿಯಾದವರೆಗೆ ಇವು ರಾಶಿರಾಶಿಯಾಗಿ ಸಿಗುತ್ತವೆ. ಆಳುಗಳಿಗೆ ಪಡಿ ಅಳೆದು ಕೊಡುವ ಬಟ್ಟಲು ಎಂಬುದು ಹಳೆಯ ವಿವರಣೆ, ರೊಟ್ಟಿ ಬೇಯಿಸುವ ಅಚ್ಚು ಎಂಬುದು ಇನ್ನೊಂದು. ಎರಡರಲ್ಲಿ ಯಾವುದಾದರೂ, ಮನೆಯಲ್ಲಿ ಉಣ್ಣದೆ ಬೇರೆಯವರ ಉಗ್ರಾಣದಿಂದ ಅಳೆದ ಅನ್ನ ಪಡೆಯುವ ಜನ ಸಾವಿರ ಸಾವಿರ ಸಂಖ್ಯೆಯಲ್ಲಿ ಇದ್ದರೆಂಬುದನ್ನು ಅದು ಹೇಳುತ್ತದೆ. ಮೊದಲ ಫಲಕಗಳಲ್ಲಿ ಪಡಿಯನ್ನು ಸೂಚಿಸುವ ಚಿಹ್ನೆ ಈ ಬಟ್ಟಲಿನಂತೆಯೇ ಇದೆ. ಅದರ ಪಕ್ಕದಲ್ಲಿ ಮನುಷ್ಯನ ತಲೆಯನ್ನು ಬರೆದರೆ ಉಣ್ಣುವುದು ಎಂಬ ಕ್ರಿಯೆಯಾಗುತ್ತದೆ. ನಗರವೆಂದರೇನು ಎಂಬ ಪ್ರಶ್ನೆಗೆ ಗೋಪುರದ ಚಿತ್ರಕ್ಕಿಂತ ಈ ಒರಟು ಬಟ್ಟಲು ಹೆಚ್ಚು ಪ್ರಾಮಾಣಿಕವಾದ ಉತ್ತರ ಕೊಡುತ್ತದೆ. ಆದರೆ ಪೆಟ್ಟಿಗೆಯಲ್ಲಿರುವ ಬಟ್ಟಲು ನುಣುಪಾಗಿದೆ, ಹೊಳಪು ಬಳಿದುಕೊಂಡಿದೆ, ಮೇಜಿನ ಮೇಲೆ ಅಲಂಕಾರಕ್ಕೆ ಇಡಬಹುದಾದಷ್ಟು ಅಂದವಾಗಿದೆ. ಇಲ್ಲಿ ಅಂದವೇ ಸುಳ್ಳು.

ಲೆಕ್ಕದ ಫಲಕ ಚೆನ್ನಾಗಿದೆ. ಬಾರ್ಲಿಯ ಪ್ರಮಾಣ ಸೂಚಿಸುವ ದುಂಡನೆಯ ಮತ್ತು ಉದ್ದನೆಯ ಒತ್ತುಗಳು ಆಳವಾಗಿ, ಬೆರಳಿಗೆ ಸಿಗುವಂತೆ ಮೂಡಿವೆ. ಉರುಕಿನಲ್ಲಿ ಇಂಥ ಸುಮಾರು 5,000 ಫಲಕಗಳೂ ತುಣುಕುಗಳೂ ದೊರೆತಿದ್ದು, ಹತ್ತರಲ್ಲಿ ಎಂಟಕ್ಕೂ ಹೆಚ್ಚು ಬರಿಯ ಲೆಕ್ಕಪತ್ರ. ಉಳಿದವು ಲಿಪಿಕಾರರು ಕಲಿಯಲು ಬಳಸುತ್ತಿದ್ದ ಪದಪಟ್ಟಿಗಳು. ಕಥೆಯಿಲ್ಲ, ಪ್ರಾರ್ಥನೆಯಿಲ್ಲ, ರಾಜನ ಬಿರುದಾವಳಿಯೂ ಇಲ್ಲ. ಮನುಷ್ಯನು ತನ್ನ ಆಲೋಚನೆಗಳನ್ನು ಮುಂದಿನ ಪೀಳಿಗೆಗೆ ತಲುಪಿಸಲು ಬರವಣಿಗೆಯನ್ನು ಕಂಡುಹಿಡಿದನು ಎಂದು ಕೈಪಿಡಿ ಬರೆದಿರುವ ಪುಟದ ಎದುರು ಪುಟದಲ್ಲಿಯೇ ಈ ಬಾರ್ಲಿ ಲೆಕ್ಕದ ಚಿತ್ರವಿದೆ ಎಂಬುದನ್ನು ಸಂಪಾದಕರು ಗಮನಿಸಿದಂತಿಲ್ಲ. ಸಿಲಿಂಡರ್ ಮುದ್ರೆಗೆ ಯಾವ ತಕರಾರೂ ಇಲ್ಲ. ಒದ್ದೆ ಮಣ್ಣಿನ ಮೇಲೆ ಉರುಳಿಸಿದರೆ ಪ್ರಾಣಿಗಳ ಸಾಲು ಕಡಿಯದೆ ಮೂಡುತ್ತ ಹೋಗುತ್ತದೆ. ಉಗ್ರಾಣದ ಬಾಗಿಲಿಗೂ ಗಡಿಗೆಯ ಬಾಯಿಗೂ ಮೆತ್ತಿದ ಮಣ್ಣಿನ ಮೇಲೆ ಇದನ್ನು ಒತ್ತುತ್ತಿದ್ದರೆಂದು ಕೈಪಿಡಿ ಸರಿಯಾಗಿಯೇ ತಿಳಿಸುತ್ತದೆ.

ನಾರ್ಮರ್ ಫಲಕ ನಿರಾಶೆ ತಂದಿತು. ಮೂಲ ಫಲಕ ಸುಮಾರು 64 ಸೆಂಟಿಮೀಟರ್ ಎತ್ತರದ್ದು. 1897-98ರಲ್ಲಿ ಈಜಿಪ್ಟಿನ ಹೈರಾಕಾನ್‌ಪೊಲಿಸ್‌ನಲ್ಲಿ ಪುರಾತತ್ತ್ವಜ್ಞರಾದ ಕ್ವಿಬೆಲ್ ಮತ್ತು ಗ್ರೀನ್ ಅವರಿಗೆ ದೊರೆತದ್ದು. ಅಂಗೈಯಗಲಕ್ಕೆ ಕುಗ್ಗಿಸಿದ ಪ್ರತಿಯಲ್ಲಿ ಒಂದು ಬದಿಯ ಬಿಳಿ ಕಿರೀಟಕ್ಕೂ ಇನ್ನೊಂದು ಬದಿಯ ಕೆಂಪು ಕಿರೀಟಕ್ಕೂ ಇರುವ ಆಕಾರಭೇದ ಅಳಿಸಿಹೋಗಿದೆ, ಮತ್ತು ಮೂಲದ ಅಳತೆಯನ್ನು ಎಲ್ಲಿಯೂ ಕೊಟ್ಟಿಲ್ಲ. ಈಜಿಪ್ಟನ್ನು ಪ್ರತಿನಿಧಿಸಲು ಅಬೈಡೋಸ್‌ನ ಯು-ಜೆ ಸಮಾಧಿಯ ತುಂಡುಪಟ್ಟಿಗಳಲ್ಲೊಂದನ್ನು ಆರಿಸಬಹುದಿತ್ತು. ಕ್ರಿ.ಪೂ. 3200ರ ಸುಮಾರಿನ, ತೂತು ಕೊರೆದು ಸರಕುಗಳಿಗೆ ಕಟ್ಟುತ್ತಿದ್ದ ಆ ಪುಟ್ಟ ಪಟ್ಟಿಗಳನ್ನು ಮೂಲ ಅಳತೆಯಲ್ಲಿಯೇ ಮಾಡಿಕೊಡಲು ಸಾಧ್ಯವಿತ್ತು, ಮತ್ತು ಫಲಕದ ಮೇಲೆ ಗದೆ ಎತ್ತಿ ನಿಂತ ರಾಜನ ಹಿಂದೆ ಎಂಥ ಉಗ್ರಾಣ ವ್ಯವಸ್ಥೆಯಿತ್ತೆಂಬುದನ್ನು ಅವು ತೋರಿಸುತ್ತಿದ್ದವು. ರಾಜನಿಲ್ಲದ ಈಜಿಪ್ಟ್ ಮಾರಾಟವಾಗುವುದಿಲ್ಲವೆಂದು ತಯಾರಕರು ಭಾವಿಸಿರಬೇಕು.

ಸಿಂಧೂ ಕಣಿವೆಯ ತೂಕದ ಕಲ್ಲುಗಳಲ್ಲಿ ಆಗಿರುವ ದೋಷ ಕ್ಷಮಿಸಲಾಗದ್ದು. ಹರಪ್ಪ, ಮೊಹೆಂಜೊದಾರೊ ಮೊದಲಾದ ನಗರಗಳಲ್ಲಿ ಕ್ರಿ.ಪೂ. 2600ರಿಂದ 1900ರವರೆಗೆ ಬಳಕೆಯಲ್ಲಿದ್ದ ಚರ್ಟ್ ಎಂಬ ಗಟ್ಟಿ ಶಿಲೆಯ ಈ ಘನಾಕಾರದ ಕಲ್ಲುಗಳು ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು, ಎಂಟು, ಹದಿನಾರು ಎಂದು ಇಮ್ಮಡಿಯಾಗುತ್ತ ಹೋಗುತ್ತವೆ; ಹೆಚ್ಚಾಗಿ ಸಿಗುವ ಹದಿನಾರರ ಕಲ್ಲು ಸುಮಾರು 13.7 ಗ್ರಾಂ ತೂಗುತ್ತದೆ. ದೂರದೂರದ ಊರುಗಳಲ್ಲಿ ಇದೇ ಅಳತೆ ನಡೆಯಿತೆಂಬುದೇ ಅವುಗಳ ಹಿರಿಮೆ. ಪೆಟ್ಟಿಗೆಯ ಕಲ್ಲುಗಳು ರೆಸಿನ್‌ನಲ್ಲಿ ಎರಕ ಹೊಯ್ದವು. ಗಾತ್ರ, ಬಣ್ಣ, ನುಣುಪು ಎಲ್ಲವೂ ಸರಿ, ಆದರೆ ರೆಸಿನ್‌ನ ಸಾಂದ್ರತೆ ಚರ್ಟಿನ ಅರ್ಧಕ್ಕಿಂತಲೂ ಕಡಿಮೆ. ಪುಟ್ಟ ತಕ್ಕಡಿಯಲ್ಲಿಟ್ಟರೆ ಹದಿನಾರರ ಕಲ್ಲು ಆರು ಗ್ರಾಂ ಆಸುಪಾಸಿನಲ್ಲಿಯೇ ನಿಲ್ಲುತ್ತದೆ, ಮತ್ತು ಕೆಲವು ಎರಕಗಳೊಳಗೆ ಗಾಳಿಗುಳ್ಳೆ ಉಳಿದಿರುವುದರಿಂದ ಇಮ್ಮಡಿಯ ಲೆಕ್ಕವೂ ಕೂಡುವುದಿಲ್ಲ. ತೂಗಲಾರದ ತೂಕದ ಕಲ್ಲನ್ನು ಯಾವ ಪಾಠಕ್ಕೆ ಬಳಸಬೇಕು? ಒಳಗೆ ಸೀಸದ ಹರಳು ಸೇರಿಸಿದ್ದರೂ ಸಾಕಿತ್ತು.

ಮುದ್ರೆಯ ಕಥೆಯೂ ಹೆಚ್ಚು ಬೇರೆಯಲ್ಲ. ಒಂಟಿಕೊಂಬಿನ ಪ್ರಾಣಿಯುಳ್ಳ, ಸಿಂಧೂ ಮುದ್ರೆಗಳಲ್ಲಿ ಅತಿ ಹೆಚ್ಚು ದೊರೆಯುವ ಬಗೆಯದನ್ನು ಆರಿಸಿರುವುದು ಸೂಕ್ತವೇ. ಆದರೆ ಮೂಲ ಮುದ್ರೆಯಲ್ಲಿ ಬರಹ ತಿರುಗುಮುರುಗಾಗಿ ಕೆತ್ತಿರುತ್ತದೆ, ಒತ್ತಿದಾಗ ಬಲದಿಂದ ಎಡಕ್ಕೆ ಓದಿಕೊಳ್ಳುವಂತೆ ನೇರವಾಗಿ ಮೂಡುತ್ತದೆ. ಇಲ್ಲಿ ಒತ್ತಿನ ಚಿತ್ರವನ್ನೇ ನೋಡಿ ಅಚ್ಚು ಮಾಡಿರುವುದರಿಂದ ಮಣ್ಣಿನ ಮೇಲೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಲಿಪಿಯನ್ನು ಯಾರೂ ಓದಿಲ್ಲವಾದ್ದರಿಂದ ಯಾರಿಗೂ ತಿಳಿಯದು ಎಂದುಕೊಂಡರೋ ಏನೋ. ಕೈಪಿಡಿಯು ಸಿಂಧೂ ನಗರಗಳಿಗೆ ಪುರೋಹಿತ-ರಾಜನೊಬ್ಬನನ್ನು ಕೂರಿಸಿ, ಇತ್ತೀಚಿನವರು ಒಂದು ಪುಟ್ಟ ಕಲ್ಲಿನ ಪ್ರತಿಮೆಗೆ ಇಟ್ಟ ಹೆಸರನ್ನು ಹುದ್ದೆಯೆಂಬಂತೆ ಬರೆದಿದೆ. 1:2:4ರ ಪ್ರಮಾಣದ ಇಟ್ಟಿಗೆ, ಬೀದಿಬೀದಿಯ ಚರಂಡಿ, ಮೊಹೆಂಜೊದಾರೊದ ಸುಮಾರು 12 ಮೀಟರ್ ಉದ್ದದ ದೊಡ್ಡ ಕೊಳ ಎಲ್ಲವೂ ಅಲ್ಲಿ ಸಿಕ್ಕಿವೆ. ಅರಮನೆಯೆಂದು, ರಾಜನ ಸಮಾಧಿಯೆಂದು ಖಚಿತವಾಗಿ ಹೇಳಬಹುದಾದ ಕಟ್ಟಡ ಸಿಕ್ಕಿಲ್ಲ. ಇಷ್ಟು ದೊಡ್ಡ ನಗರಗಳನ್ನು ಯಾರು, ಯಾವ ಬಗೆಯ ಕೂಟದಿಂದ ನಡೆಸಿದರು ಎಂಬುದು ಮೊದಲ ನಾಗರಿಕತೆಗಳ ಅಧ್ಯಯನದ ಅತಿ ಕುತೂಹಲಕರ ಪ್ರಶ್ನೆಗಳಲ್ಲೊಂದು, ಮತ್ತು ಕೈಪಿಡಿ ಅದನ್ನು ಕೇಳುವ ಮೊದಲೇ ಮುಚ್ಚಿಬಿಡುತ್ತದೆ. ಉಕ್ರೇನಿನ ಟ್ರಿಪಿಲಿಯಾ ನೆಲೆಗಳ ಹೆಸರಂತೂ ಎಲ್ಲಿಯೂ ಇಲ್ಲ. ಅವುಗಳಲ್ಲೊಂದಾದ ತಲ್ಯಾಂಕಿ, ಉರುಕ್ ತನ್ನ ಸುಮಾರು 250 ಹೆಕ್ಟೇರಿಗೆ ಬೆಳೆಯುವ ಮೊದಲೇ, 300 ಹೆಕ್ಟೇರಿಗೂ ಮಿಕ್ಕಿ ಹರಡಿತ್ತು. ಮನೆಗಳು ಉಂಗುರ ಉಂಗುರವಾಗಿ ಸಾಲುಗಟ್ಟಿದ್ದವು, ಆದರೆ ಅರಮನೆಯಾಗಲಿ ಬರವಣಿಗೆಯಾಗಲಿ ಅಲ್ಲಿರಲಿಲ್ಲ.

ಶಕುನದ ಮೂಳೆಯನ್ನು ಮನಸಾರೆ ಹೊಗಳಬಹುದು. ಕ್ರಿ.ಪೂ. 1200ರ ಸುಮಾರಿನ ಷಾಂಗ್ ಅರಸರು ಆನ್‌ಯಾಂಗ್‌ನಲ್ಲಿ ಎತ್ತಿನ ಹೆಗಲೆಲುಬು ಮತ್ತು ಆಮೆಯ ಹೊಟ್ಟೆಚಿಪ್ಪುಗಳ ಹಿಂಬದಿಯಲ್ಲಿ ಗುಳಿ ತೋಡಿ, ಅಲ್ಲಿ ಕೆಂಡದ ಕಾವು ತಾಗಿಸಿ, ಮುಂಬದಿಯಲ್ಲಿ ಎದ್ದ ಬಿರುಕನ್ನು ಓದುತ್ತಿದ್ದರು. ಕೇಳಿದ ಪ್ರಶ್ನೆಯನ್ನೂ ದಿನವನ್ನೂ ಪಕ್ಕದಲ್ಲಿ ಕೆತ್ತುತ್ತಿದ್ದರು. ಪ್ರತಿಕೃತಿಯ ಹಿಂಬದಿಯ ಗುಳಿಗಳನ್ನು, ಸುಟ್ಟ ಕಲೆಗಳನ್ನು ಸಹ ಬಿಡದೆ ತೋರಿಸಿದ್ದಾರೆ, ಮತ್ತು ಗುಳಿಯ ನೇರಕ್ಕೆ ಮುಂದೆ ಬಿರುಕು ಬಂದಿರುವುದನ್ನು ಬೆಳಕಿಗೆ ಹಿಡಿದು ಸರಿನೋಡಬಹುದು. ಉರುಕಿನ ಫಲಕದ ಪಕ್ಕದಲ್ಲಿ ಇದನ್ನು ಇಟ್ಟಾಗ ಬರವಣಿಗೆಗೆ ಒಂದೇ ತವರು, ಒಂದೇ ಕಾರಣ ಎಂಬ ಮಾತು ನಿಲ್ಲುವುದಿಲ್ಲ.

ಪೆಟ್ಟಿಗೆಯಲ್ಲಿ ಇಲ್ಲದ್ದರ ಬಗ್ಗೆಯೂ ಹೇಳಬೇಕು. ಅಮೆರಿಕ ಖಂಡಗಳಿಂದ ಒಂದು ವಸ್ತುವೂ ಇಲ್ಲ. ಪೆರುವಿನ ಸುಪೆ ಕಣಿವೆಯ ಕರಾಲ್‌ನಲ್ಲಿ ಕ್ರಿ.ಪೂ. 2600ರ ಹೊತ್ತಿಗೆ ದೊಡ್ಡ ದಿಬ್ಬಗಟ್ಟೆಗಳೂ ವೃತ್ತಾಕಾರದ ತಗ್ಗು ಅಂಗಳಗಳೂ ಎದ್ದಿದ್ದವು. ಅಲ್ಲಿಯ ಜನ ಹತ್ತಿ ಬೆಳೆದು, ಕರಾವಳಿಯ ಸಣ್ಣ ಮೀನು ತಿಂದು, ಮಡಕೆಯೇ ಇಲ್ಲದೆ, ಲಿಪಿಯೂ ಇಲ್ಲದೆ ಇಷ್ಟನ್ನು ಕಟ್ಟಿದರು. ದಿಬ್ಬದೊಳಗೆ ತುಂಬಿದ ಕಲ್ಲುಗಳನ್ನು ಅವರು ಹೊತ್ತು ತಂದದ್ದು ಜೊಂಡಿನಿಂದ ಹೆಣೆದ ಚೀಲಗಳಲ್ಲಿ, ಮತ್ತು ಚೀಲಸಮೇತ ಅಲ್ಲಿಯೇ ಹಾಕಿಬಿಟ್ಟರು. ರುತ್ ಶಾಡಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಕಾಲನಿರ್ಣಯಕ್ಕೆ ಆ ಜೊಂಡೇ ಆಧಾರವಾಯಿತು. ಅಂಥ ಒಂದು ಚೀಲವನ್ನು ಹೆಣೆಸಿ ಕೊಡುವುದು ಕಷ್ಟವಲ್ಲ, ಖರ್ಚಿನದೂ ಅಲ್ಲ. ಕಲ್ಲು, ಮಣ್ಣು, ಮೂಳೆ ಎಂಬ ಉಳಿಯುವ ವಸ್ತುಗಳನ್ನಷ್ಟೇ ಕೂಡಿಸಿದ್ದರಿಂದ ಹಗ್ಗ, ಬುಟ್ಟಿ, ಬಟ್ಟೆ, ಮರ ಎಂಬ ಬದುಕಿನ ದೊಡ್ಡ ಪಾಲು ಪೆಟ್ಟಿಗೆಯಿಂದ ಹೊರಗುಳಿದಿದೆ, ಮತ್ತು ಅದರ ಬಹುಪಾಲು ಹೆಂಗಸರ ಕೈಕೆಲಸವಾಗಿದ್ದಿರಬಹುದು ಎಂಬ ಸೂಚನೆಯೂ ಕೈಪಿಡಿಯಲ್ಲಿ ಇಲ್ಲ.

ಕೈಪಿಡಿಯ ಮೂಲ ಎಲ್ಲಿಯದೆಂದು ಊಹಿಸುವುದು ಸುಲಭ. 20ನೇ ಶತಮಾನದ ಮೊದಲರ್ಧದಲ್ಲಿ ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ ನವಶಿಲಾಯುಗದ ಕ್ರಾಂತಿ ಮತ್ತು ನಗರ ಕ್ರಾಂತಿ ಎಂಬ ಎರಡು ದೊಡ್ಡ ತಿರುವುಗಳನ್ನು ಗುರುತಿಸಿದರು, 1950ರಲ್ಲಿ ನಗರದ ಹತ್ತು ಲಕ್ಷಣಗಳನ್ನು ಪಟ್ಟಿಮಾಡಿದರು. ಆಗ ಕೈಯಲ್ಲಿದ್ದ ಪುರಾವೆಗೆ ಅದು ಅದ್ಭುತವಾದ ಕಟ್ಟಡ. ಕೈಪಿಡಿಯು ಅವರ ಹೆಸರನ್ನೂ ಹೇಳದೆ, ಅವರ ವಾದದ ಬಿಗಿಯನ್ನೂ ಉಳಿಸಿಕೊಳ್ಳದೆ, ಪಟ್ಟಿಯನ್ನು ಮಾತ್ರ ಬಾಯಿಪಾಠಕ್ಕೆಂದು ಇಳಿಸಿಕೊಂಡಿದೆ.

ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ, ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನ ತರಗತಿಗಳಿಗೆ ಕೊಳ್ಳಬಹುದು ಎಂಬುದೇ, ಆದರೆ ಕೈಪಿಡಿಯನ್ನು ಪಕ್ಕಕ್ಕಿಟ್ಟು ಸ್ವಂತ ಟಿಪ್ಪಣಿ ಬರೆದುಕೊಳ್ಳಬಲ್ಲ ಶಿಕ್ಷಕರಿದ್ದರೆ ಮಾತ್ರ. ತನ್ನಷ್ಟಕ್ಕೆ ಓದಿಕೊಳ್ಳುವ ಮಕ್ಕಳಿಗೆ ಉಡುಗೊರೆಯಾಗಿ ಕೊಡುವಂಥದಲ್ಲ. ವಸ್ತುಗಳನ್ನು ಸಂಖ್ಯೆ ಹಾಕಿದ ಗೂಡುಗಳಿಂದ ತೆಗೆದು ಬೆರೆಸಿ ಇಟ್ಟು, ಯಾವುದು ಯಾವುದಕ್ಕಿಂತ ಮೊದಲಿನದೆಂದು ಊಹಿಸಿರೆಂದು ಕೇಳುವುದರಿಂದ ಪಾಠ ಆರಂಭಿಸಿದರೆ ಪೆಟ್ಟಿಗೆಯ ಬೆಲೆ ಸಂದಾಯವಾಗುತ್ತದೆ. ತೂಕದ ಕಲ್ಲು ಮತ್ತು ಸಿಂಧೂ ಮುದ್ರೆಗಳನ್ನು ಬದಲಾಯಿಸಿಕೊಡುವಂತೆ ಖರೀದಿಯ ಹೊತ್ತಿನಲ್ಲಿಯೇ ಕೇಳುವುದು ಒಳ್ಳೆಯದು. ಗೂಡುಗಳ ಸ್ಪಂಜು ತೆಳುವಾಗಿರುವುದರಿಂದ ಕೈಗೊಡಲಿಯ ಅಂಚು ಅದನ್ನು ಸೀಳಿ ಪಕ್ಕದ ಬಟ್ಟಲಿಗೆ ತಾಗುತ್ತದೆ; ಅದನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಇಡಬೇಕು.